ದಕ್ಷಿಣದ ಕಿಟಕಿ ಹತ್ರನೇ ಇಟ್ರೂ ಕ್ರೋಟನ್ ಎಲೆ ಉದುರ್ತಿದೆ, ಏನ್ ಮಾಡ್ಲಿ?

ಬಾಲ್ಕನಿ ಇಲ್ದವ್ಳು:
ಎಲ್ರಿಗೂ ನಮಸ್ಕಾರ. ಬೆಂಗ್ಳೂರಲ್ಲಿ ಎರಡನೇ ಮಹಡಿ ಮನೆ, ಬಾಲ್ಕನಿ ಇಲ್ಲ. ಡಿಸೆಂಬರಲ್ಲಿ ಒಂದು ಕ್ರೋಟನ್ನು, ಬಿಳಿ ಮಚ್ಚೆ ಇರೋ ಮನಿ ಪ್ಲಾಂಟು ತಂದೆ, ಯೂಟ್ಯೂಬಲ್ಲಿ ದಕ್ಷಿಣದ ಕಿಟಕಿನೇ ಬೆಸ್ಟ್ ಅಂದ್ರು ಅಂತ ಹಾಲಲ್ಲಿ ಅಲ್ಲೇ ಇಟ್ಟೆ, ಫೆಬ್ರವರಿ ತನಕ ಫಳಫಳ ಅಂತಿತ್ತು. ಈಗ ಜೂನು, ಕ್ರೋಟನ್ನಿನ ಕೆಂಪೆಲ್ಲಾ ಹೋಗಿ ಬರೀ ಹಸಿರು, ದಿನಾ ನಾಲ್ಕೈದು ಎಲೆ ಗುಡಿಸ್ತೀನಿ, ಮನಿ ಪ್ಲಾಂಟಿನ ಹೊಸ ಎಲೇಲಿ ಮಚ್ಚೆನೇ ಇಲ್ಲ. ನೀರು ದಿನಾ ಹಾಕ್ತೀನಿ, ಗೊಬ್ಬರಾನೂ ಆಯ್ತು. ರಾತ್ರಿ ಹನ್ನೊಂದರ ತನಕ ಟ್ಯೂಬ್‌ಲೈಟ್ ಉರಿಯತ್ತೆ, ಅದು ಸಾಲಲ್ವಾ?

ಮಣ್ಣಿನ ಕೈ:
ಆ ವಿಡಿಯೋ ಯುರೋಪು, ಅಮೆರಿಕ ಕಡೆಯವ್ರದ್ದು ಇರ್ಬೇಕು ಮೇಡಂ. ಅಲ್ಲಿ ವರ್ಷಪೂರ್ತಿ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೇ ಇರ್ತಾನೆ. ನಮ್ಮೂರು 13 ಡಿಗ್ರಿ ಅಕ್ಷಾಂಶ, ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೆತ್ತಿ ಮೇಲೆ ಬರ್ತಾನೆ, ನೆಟ್ಟಗೆ ನಿಲ್ಸಿದ ಕೋಲಿಗೆ ನೆರಳೇ ಬೀಳಲ್ವಲ್ಲ, ಅದೇ ದಿನ. ಆಮೇಲೆ ಆಗಸ್ಟ್ 18ರ ತನಕ ಮಧ್ಯಾಹ್ನ ಉತ್ತರಕ್ಕೆ ವಾಲಿರ್ತಾನೆ, ನಿಮ್ಮ ಕಿಟಕಿಗೆ ನೇರ ಬಿಸಿಲು ಎಲ್ಲಿಂದ ಬರ್ಬೇಕು, ಮೇಲೆ ಸಜ್ಜಾ ಬೇರೆ, ಜೊತೆಗೆ ಮೋಡ. ಗಿಡದ್ದೇನೂ ತಪ್ಪಿಲ್ಲ. ನೀರು ಮಾತ್ರ ದಿನಾ ಹಾಕ್ಬೇಡಿ, ಬೆಳಕು ಕಮ್ಮಿ ಆದ್ರೆ ಗಿಡ ಕುಡಿಯೋದೂ ಕಮ್ಮಿ, ಬೇರು ಕೊಳೆಯತ್ತೆ. ಬೆರಳು ಒಂದಿಂಚು ಒಳಗೆ ಚುಚ್ಚಿ ನೋಡಿ, ಒಣಗಿದ್ರೆ ಮಾತ್ರ ಹಾಕಿ.

ಲಕ್ಸ್ ಲೋಕಿ:
ಟ್ಯೂಬ್‌ಲೈಟ್ ನಮ್ ಕಣ್ಣಿಗೆ ಸಾಕು, ಗಿಡಕ್ಕೆ ಸಾಲಲ್ಲ. ಫೋನಲ್ಲಿ ಬೆಳಕು ಅಳೆಯೋ ಲಕ್ಸ್ ಮೀಟರ್ ಆ್ಯಪ್ ಹಾಕ್ಕೊಂಡು ಎಲೆ ಪಕ್ಕ ಹಿಡೀರಿ. ಹೊರಗೆ ಸುಡುಬಿಸಿಲು ಒಂದು ಲಕ್ಷ ಲಕ್ಸ್ ಹತ್ರ ಇರತ್ತೆ, ಟ್ಯೂಬ್‌ಲೈಟ್ ಕೆಳಗೆ ಇನ್ನೂರು ಬಂದ್ರೆ ಜಾಸ್ತಿ. ನಾನು 20 ವ್ಯಾಟಿನ ಬಿಳಿ ಎಲ್‌ಇಡಿ ಬ್ಯಾಟನ್ನನ್ನ (ಉದ್ದ ಪಟ್ಟಿ ಲೈಟು) ಗಿಡದಿಂದ ಒಂದಡಿ ಮೇಲೆ ಕಟ್ಟಿ 12 ಗಂಟೆ ಉರಿಸ್ತೀನಿ, ತಿಂಗ್ಳಿಗೆ ಏಳು ಯೂನಿಟ್ಟು ಅಷ್ಟೇ. ಗಿಡಕ್ಕೆ ಅಂತ ಮಾರೋ ಪಿಂಕ್ ಲೈಟ್ ತಗೋಬೇಡಿ, ಮನೆ ಬಾರ್ ಥರ ಕಾಣತ್ತೆ 😀

ಶೈಲಕ್ಕ:
ಕ್ರೋಟನ್ನು ಬಿಸಿಲಿನ ಗಿಡ ಕಣಮ್ಮ, ನಮ್ಮೂರಲ್ಲಿ ಬೇಲಿಗೆ ಹಾಕ್ತಾರೆ, ಅದನ್ನ ಹಾಲಲ್ಲಿ ಕೂರಿಸಿದ್ರೆ ಪಾಪ ಏನ್ ಮಾಡತ್ತೆ. ಅಲ್ಲಿಗೆ ಸ್ನೇಕ್ ಪ್ಲಾಂಟ್ ಇಡು. ಮನಿ ಪ್ಲಾಂಟನ್ನ ಕೊನೇ ಮಚ್ಚೆ ಎಲೆ ಇರೋ ಗೆಣ್ಣಿನ ಮೇಲಕ್ಕೆ ಕತ್ತರಿಸಿ ಬೆಳಕಿಗಿಡು, ಮಚ್ಚೆ ಚಿಗುರು ಬಂದ್ರೂ ಬರಬಹುದು. ಕ್ರೋಟನ್ನನ್ನ ಒಂದೇ ಸಲ ಬಿಸಿಲಿಗಿಡ್ಬೇಡ, ಎಲೆ ಸುಟ್ಟೋಗತ್ತೆ, ಹತ್ತು ಹದಿನೈದು ದಿನ ಸ್ವಲ್ಪ ಸ್ವಲ್ಪ ಸರಿಸು.

ಬಾಲ್ಕನಿ ಇಲ್ದವ್ಳು:
ಅಳೆದೆ! ಹಾಲಲ್ಲಿ ಗಿಡದ ಹತ್ರ 380, ಅಡುಗೆಮನೆ ಪೂರ್ವದ ಕಿಟಕೀಲಿ ಬೆಳಿಗ್ಗೆ ಎಂಟಕ್ಕೆ 9,000 ಚಿಲ್ಲರೆ. ಆದ್ರೆ ಅಲ್ಲಿ ನಮ್ಮತ್ತೆ ಉಪ್ಪಿನಕಾಯಿ ಭರಣಿಗಳು ಸಾಲಾಗಿ ಕೂತಿವೆ, ಇವತ್ತು ಒಂದನ್ನ ಮೆಲ್ಲಗೆ ಆಚೆ ಸರಿಸಿದೀನಿ, ನೋಡೋಣ.