ಗಿಡ ಬೆಳೆಸಿದ ಮೇಷ್ಟ್ರ ನೆನಪಿಗೆ ಯಾವುದು ತಕ್ಕದ್ದು?

ಪ್ರಶ್ನೆ:
ತುಮಕೂರಿನ ನಮ್ಮ ಬಡಾವಣೆಯ ಉದ್ಯಾನವನ್ನು ಕೈಯಾರೆ ಬೆಳೆಸಿ, ಕೇಳಿದವರಿಗೆಲ್ಲ ದಾಸವಾಳದ ಕಡ್ಡಿ, ಕನಕಾಂಬರದ ಸಸಿ ಕೊಟ್ಟು, ಸಿದ್ಧಗಂಗೆಯ ಜಾತ್ರೆಯ ದಾಸೋಹಕ್ಕೆ ತರಕಾರಿ ಹೆಚ್ಚಲು ತಪ್ಪದೆ ಹೋಗುತ್ತಿದ್ದ ನಿವೃತ್ತ ಮೇಷ್ಟ್ರು ಕಳೆದ ತಿಂಗಳು ತೀರಿಕೊಂಡರು. ಕೆಲವರು ಕಲ್ಲಿನ ಫಲಕ ಹಾಕಿಸೋಣ ಎನ್ನುತ್ತಿದ್ದಾರೆ. ತಮ್ಮ ಅಭಿಪ್ರಾಯವೇನು?

ಉತ್ತರ 1:
ಫಲಕಕ್ಕಿಂತ ಮರವೇ ಮೇಲು. ನಮ್ಮದೇ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕನವರು ಹುಲಿಕಲ್–ಕುದೂರು ರಸ್ತೆಯಲ್ಲಿ ಪತಿಯೊಡನೆ ನೀರು ಹೊತ್ತು ಸಾಕಿದ ಆಲದ ಮರಗಳೇ ಅವರ ಹೆಸರನ್ನು ಉಳಿಸಿವೆ; ಪದ್ಮಶ್ರೀ ಬಂದದ್ದು ಬಹಳ ತಡವಾಗಿ, 2019ರಲ್ಲಿ. ಆದರೆ ಮನೆಗಳ ನಡುವೆ ಆಲ ಬೇಡ, ಬೇರು ಗೋಡೆಗೆ ನುಗ್ಗುತ್ತದೆ. ಬರ ತಡೆಯುವ ಹೊಂಗೆ ನೆಡಿ.

ಉತ್ತರ 2:
ಮೇಷ್ಟ್ರನ್ನು ನಾನೂ ಬಲ್ಲೆ. ಸಸಿ ಕೊಡುವಾಗ ಬೇರಿನ ಮಣ್ಣು ಉದುರದಂತೆ ಒದ್ದೆ ಗೋಣಿಯ ತುಂಡು ಸುತ್ತಿ, “ಬಿಸಿಲಿಗೆ ಬೇಡಮ್ಮ, ಸಂಜೆ ನೆಡು” ಎಂದು ಹೇಳಿಯೇ ಕಳುಹಿಸುತ್ತಿದ್ದರು. ಹೊಂಗೆ ನೆಡುವುದು ಸರಿಯೇ. ಆದರೆ ಅವರ ನಿಜವಾದ ಕೆಲಸ ಕೊಡುವುದಾಗಿತ್ತು, ಆದ್ದರಿಂದ ಸಸಿ ಹಂಚುವುದು ನಿಲ್ಲಬಾರದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮುಂಗಾರು ಹಿಡಿದ ಕೂಡಲೇ ಹೊಂಗೆ ನೆಡುತ್ತೇವೆ. ಮೇಷ್ಟ್ರ ಮನೆಯವರು ಒಪ್ಪಿದರೆ ಅವರ ಹಿತ್ತಲಿನ ದಾಸವಾಳದಿಂದಲೇ ಕಡ್ಡಿ ತಂದು ಸಸಿ ಮಾಡುತ್ತೇವೆ.