45 ವ್ಯಾಟ್ ಆಂಪ್ಲಿಫೈಯರ್‌ಗೆ 100 ವ್ಯಾಟ್ ಸ್ಪೀಕರ್ ಹಾಕಬಹುದಾ?

ಮಂದ್ರಷಡ್ಜ:
ಎಲ್ಲರಿಗೂ ನಮಸ್ಕಾರ. ಆಂಪ್ಲಿಫೈಯರ್ ಡೆನಾನ್ ಪಿಎಂಎ-600ಎನ್‌ಇ. 8 ಓಮ್‌ಗೆ 45 ವ್ಯಾಟ್, 4 ಓಮ್‌ಗೆ 70 ವ್ಯಾಟ್. ಊರು ಮಂಗಳೂರು, ಕೋಣೆ 12×10 ಅಡಿ, ಟೈಲ್ಸ್ ನೆಲ, ಖಾಲಿ ಗೋಡೆ. ಕೂರುವ ಜಾಗ ಸ್ಪೀಕರ್‌ನಿಂದ ಎರಡೂವರೆ ಮೀಟರ್. ಕೇಳೋದು ಮುಕ್ಕಾಲು ಪಾಲು ಹಿಂದೂಸ್ತಾನಿ ಗಾಯನ, ಕರ್ನಾಟಕ ಸಂಗೀತ ಕಛೇರಿ.

ಕಣ್ಣಿಟ್ಟಿರೋದು ಕೆಇಎಫ್ ಕ್ಯೂ150, ಎಲಾಕ್ ಡೆಬ್ಯೂ ಬಿ6.2, ವಾರ್ಫ್‌ಡೇಲ್ ಡೈಮಂಡ್ 12.1. ಕ್ಯೂ150ಕ್ಕೆ 10ರಿಂದ 100 ವ್ಯಾಟ್ ಅಂತ ಬರೆದಿದೆ. ಅಂಗಡಿಯವರು "ನಿಮ್ಮ ಆಂಪ್ ಸಾಲಲ್ಲ" ಅಂತಾರೆ. ನಿಜವಾ? ಬಿ6.2 ಬೇರೆ 6 ಓಮ್. ಹಳೇ ಒಂದು ಜೋಡಿನೂ ಮನೇಲಿದೆ, ಅದನ್ನ ಆಂಪ್ ಹಿಂದೆ ಎರಡನೇ ಜೋಡಿಗೆ ಅಂತ ಇರೋ ಬಿ ಟರ್ಮಿನಲ್‌ಗೆ ಹಾಕಿ ಎರಡೂ ಜೋಡಿ ಒಟ್ಟಿಗೆ ನುಡಿಸಬಹುದಾ?

ಓಮ್_ನಿಯಮ:
ಸ್ಪೀಕರ್ ಮೇಲಿನ 100 ವ್ಯಾಟ್ ಅಂದ್ರೆ ಅದು ತಡೆದುಕೊಳ್ಳುವ ಮಿತಿ. ಅಷ್ಟು ಕೊಟ್ಟರೇ ಹಾಡುತ್ತೆ ಅಂತೇನಿಲ್ಲ. ನೀವು ನೋಡಬೇಕಾದ್ದು ಸೆನ್ಸಿಟಿವಿಟಿ, ಅಂದ್ರೆ ಒಂದು ವ್ಯಾಟ್ ಕೊಟ್ಟರೆ ಸ್ಪೀಕರ್ ಎಷ್ಟು ಜೋರಾಗಿ ಹಾಡುತ್ತೆ ಅನ್ನೋದು.

ಲೆಕ್ಕ ಹಾಕಿ ನೋಡೋಣ. ಕ್ಯೂ150 86 ಡಿಬಿ (ಡೆಸಿಬೆಲ್, ಸದ್ದಿನ ಅಳತೆ). 1 ವ್ಯಾಟ್‌ಗೆ 1 ಮೀಟರ್ ದೂರದಲ್ಲಿ 86. ಎರಡೂವರೆ ಮೀಟರ್‌ಗೆ ಬಂದಾಗ ಸುಮಾರು 8 ಕಳೆಯಿರಿ, ಎರಡು ಸ್ಪೀಕರ್ ಅಂತ 3 ಕೂಡಿ: 81 ಡಿಬಿ. ಮನೆಯಲ್ಲಿ ನೆಮ್ಮದಿಯಾಗಿ ಕೇಳೋದು 75ರ ಆಸುಪಾಸು, ಅದಕ್ಕೆ ಕಾಲು ವ್ಯಾಟ್ ಸಾಕು. ಪವರ್ ದುಪ್ಪಟ್ಟಾದರೆ ಏರೋದು 3 ಡಿಬಿ ಮಾತ್ರ. 45 ವ್ಯಾಟ್ ಪೂರ್ತಿ ಎಳೆದರೆ 97 ದಾಟುತ್ತೆ, ಕೋಣೆಯ ಪ್ರತಿಫಲನ ಸೇರಿದರೆ ಇನ್ನೂ ಸ್ವಲ್ಪ ಜಾಸ್ತಿ. ತನಿ ಆವರ್ತನದಲ್ಲಿ ಮೃದಂಗದ ಹೊಡೆತ ಸರಾಸರಿಗಿಂತ 15-20 ಡಿಬಿ ಮೇಲೆ ಹೋದರೂ ಜಾಗ ಇದೆ. ಅಂಗಡಿಯವರ ಮಾತು ಬಿಟ್ಟುಹಾಕಿ.

ಒಂದು ಎಚ್ಚರಿಕೆ. ಸೆನ್ಸಿಟಿವಿಟಿಯನ್ನು ಬಹಳಷ್ಟು ಕಂಪನಿಗಳು 2.83 ವೋಲ್ಟ್ ಕೊಟ್ಟು ಅಳೆಯುತ್ತವೆ. 8 ಓಮ್‌ಗೆ ಅದು 1 ವ್ಯಾಟ್, 4 ಓಮ್‌ಗೆ 2 ವ್ಯಾಟ್. ಹಾಗಾಗಿ 4 ಓಮ್ ಸ್ಪೀಕರ್‌ಗೆ 88 ಅಂತ ಬರೆದಿದ್ದರೆ ಒಂದು ವ್ಯಾಟ್‌ಗೆ ಸಿಗೋದು 85.

ಇನ್ನು ಇಂಪಿಡೆನ್ಸ್, ಅಂದ್ರೆ ಕರೆಂಟ್‌ಗೆ ಸ್ಪೀಕರ್ ಒಡ್ಡುವ ತಡೆ. ಅಳೆಯೋದು ಓಮ್‌ನಲ್ಲಿ, ಕಡಿಮೆಯಾದಷ್ಟೂ ಆಂಪ್‌ಗೆ ಭಾರ. ಬರೆದ ಸಂಖ್ಯೆಗಿಂತ ಕನಿಷ್ಠ ಮೌಲ್ಯ ಮುಖ್ಯ. ಕ್ಯೂ150ಯನ್ನು 8 ಓಮ್ ಅಂತ ಮಾರಿದರೂ ಒಂದು ಫ್ರೀಕ್ವೆನ್ಸಿಯಲ್ಲಿ 3.7ಕ್ಕೆ ಇಳಿಯುತ್ತೆ. ಒಂದೇ ಜೋಡಿ ಹಾಕಿ, ಹದವಾಗಿ ಕೇಳಿದರೆ ನಿಮ್ಮ ಆಂಪ್‌ಗೆ ಇದು ಭಾರವಲ್ಲ. 6 ಓಮ್ ಅಂತ ಬಿ6.2ಗೆ ಹೆದರೋದೂ ಬೇಡ. ಆಂಪ್ ಮೇಲೆ ನಾಲ್ಕು ಇಂಚು ಜಾಗ ಬಿಡಿ, ಟಿವಿ ಯೂನಿಟ್‌ನ ಮುಚ್ಚಿದ ಖಾನೆಯೊಳಗೆ ತುರುಕಬೇಡಿ.

ತಾರಸಪ್ತಕ:
ಮೇಲಿನದಕ್ಕೆ ಒಂದು ಸೇರಿಸ್ತೀನಿ: ಸ್ಪೀಕರ್ ಸುಡೋದು ದೊಡ್ಡ ಆಂಪ್‌ನಿಂದಲೇ ಅನ್ನೋದು ಅರ್ಧ ಸತ್ಯ. ಚಿಕ್ಕ ಆಂಪ್‌ನ ಶಕ್ತಿ ಮುಗಿದ ಮೇಲೂ ವಾಲ್ಯೂಮ್ ತಿರುಗಿಸಿದರೆ ಅಲೆಯ ತಲೆ ಕತ್ತರಿಸಿ ಹೋಗುತ್ತೆ, ಮೇಲಿನ ಸ್ವರಾಂಶ ವಿಪರೀತ ಹೆಚ್ಚುತ್ತೆ, ಟ್ವೀಟರ್‌ನ (ಮೇಲಿನ ಸ್ವರ ನುಡಿಸುವ ಚಿಕ್ಕ ಘಟಕ) ಕೂದಲೆಳೆ ಸುರುಳಿ ಸುಡುತ್ತೆ. ಮೊದಲ ಸೂಚನೆ ಸಿಗೋದು ಗಾಯಕರ 'ಸ' 'ಶ' ಅಕ್ಷರಗಳಲ್ಲಿ: ಅವು ಸೀಳಿದ ಹಾಗೆ ಕೇಳಿದರೆ ತಕ್ಷಣ ಇಳಿಸಿ. ಬಾಸ್ ಗುಂಡಿಯನ್ನು 6 ಡಿಬಿ ಏರಿಸಿದರೆ ಆ ಭಾಗಕ್ಕೆ ನಾಲ್ಕು ಪಟ್ಟು ವ್ಯಾಟ್ ಬೇಕು. 45 ವ್ಯಾಟ್ ಕರಗೋದೇ ಅಲ್ಲಿ.

ಈಗ ಆಯ್ಕೆ. ಸಿ ಶ್ರುತಿಯಲ್ಲಿ ಹಾಡುವ ಗಂಡುದನಿಯ ತಂಬೂರಿಯ ಮಂದ್ರ ಷಡ್ಜ 65 ಹರ್ಟ್ಸ್. ಕ್ಯೂ150 51ರ ತನಕ, ಬಿ6.2 44ರ ತನಕ ಇಳಿಯುತ್ತವೆ, ಎರಡಕ್ಕೂ ತೊಂದರೆಯಿಲ್ಲ. ನಿಮ್ಮ ತಲೆನೋವು ಕೋಣೆ. 12 ಅಡಿ ಉದ್ದಕ್ಕೆ 47 ಹರ್ಟ್ಸ್, 10 ಅಡಿ ಅಗಲಕ್ಕೆ 56 ಹರ್ಟ್ಸ್‌ನಲ್ಲಿ ಅನುರಣನ ಬರುತ್ತೆ. ಟವರ್ ಸ್ಪೀಕರ್ ತಂದರೆ ಮೃದಂಗದ ತೊಪ್ಪಿ, ತಬಲಾದ ಬಾಯಾಂ ಎರಡೂ ಗುಂಯ್‌ಗುಡುತ್ತವೆ. ಐದು ಇಂಚಿನ ವೂಫರ್ (ಬಾಸ್ ನುಡಿಸುವ ದೊಡ್ಡ ಕೋನ್) ಇರೋ ಜೋಡಿ ಈ ಕೋಣೆಗೆ ಸಾಕು. ಬಿ6.2ರ ಪೋರ್ಟ್ (ಪೆಟ್ಟಿಗೆಯಿಂದ ಗಾಳಿ ಹೊರಬರುವ ತೂತು) ಮುಂದಿದೆ, ಗೋಡೆಗೆ ಅಂಟಿಸಿ ಇಡಬಹುದು ಅಂತ ಹೇಳುವವರಿದ್ದಾರೆ. ನಂಬಬೇಡಿ. 100 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಎಲ್ಲಾ ದಿಕ್ಕಿಗೂ ಹರಡುತ್ತೆ, ಪೋರ್ಟ್ ಎಲ್ಲಿದ್ದರೂ ಗೋಡೆ ಬಾಸನ್ನು ಉಬ್ಬಿಸುತ್ತೆ. ಯಾವುದೇ ಆದರೂ ಗೋಡೆಯಿಂದ ಒಂದೂವರೆ ಅಡಿ ಮುಂದೆ, ಟ್ವೀಟರ್ ಕಿವಿಯ ಎತ್ತರಕ್ಕೆ, ನಿಮ್ಮ ತಲೆ ಹಿಂದಿನ ಗೋಡೆಗೆ ತಾಗದ ಹಾಗೆ.

ನನ್ನ ಮತ ಕ್ಯೂ150ಗೆ. ಟ್ವೀಟರ್ ವೂಫರ್‌ನ ನಡುವೆಯೇ ಕೂತಿರೋದರಿಂದ ಹತ್ತಿರ ಕೂತರೂ ಗಾಯಕರ ದನಿ ಒಂದೇ ಜಾಗದಿಂದ ಬರುತ್ತೆ. ಅದರ ಜಾಗಕ್ಕೆ ಈಗ ಕ್ಯೂ1 ಮೆಟಾ ಬಂದಿದೆ, ಅಂಗಡಿಯಲ್ಲಿ ಅದನ್ನ ತೋರಿಸಿದರೆ ಇಂಪಿಡೆನ್ಸ್ ಬೇರೆಯಾಗಿ ನೋಡಿ. ಉಳಿದ ಹಣಕ್ಕೆ ದಪ್ಪ ಜಮಖಾನೆ ತಗೊಂಡು ಸ್ಪೀಕರ್‌ಗೂ ನಿಮಗೂ ನಡುವೆ ಹಾಸಿ. ಆ ಟೈಲ್ಸ್ ಮೇಲೆ ಅದರಿಂದ ಆಗೋ ಬದಲಾವಣೆ ಯಾವ ದುಬಾರಿ ಕೇಬಲ್‌ನಿಂದಲೂ ಆಗಲ್ಲ.

ಓಮ್_ನಿಯಮ:
ಎರಡು ಜೋಡಿ ಒಟ್ಟಿಗೆ ಅಂದರೆ ಪ್ಯಾರಲಲ್. 8ಕ್ಕೆ 8 ಸೇರಿದರೆ 4, 6ಕ್ಕೆ 6 ಸೇರಿದರೆ 3 ಓಮ್. ಇಂಥ ಆಂಪ್‌ಗಳ ಹಿಂದೆ ಎ ಅಥವಾ ಬಿ ಒಂದಕ್ಕೆ 4–16 ಓಮ್, ಎ+ಬಿಗೆ 8–16 ಓಮ್ ಅಂತ ಮುದ್ರಿಸಿರ್ತಾರೆ; ಅದು ಒಟ್ಟು ಮೊತ್ತವಲ್ಲ, ಒಂದೊಂದು ಸ್ಪೀಕರ್‌ನ ಓಮ್. ಕ್ಯೂ150 ಒಂದೇ 3.7ಕ್ಕೆ ಇಳಿಯೋದರಿಂದ ಅದು ಇದ್ದಾಗ ಎ+ಬಿ ಒತ್ತಲೇಬೇಡಿ. ಒಂದು ಸಲಕ್ಕೆ ಒಂದು ಜೋಡಿ.

ವೈರ್: 1.5 ಚದರ ಮಿಲಿಮೀಟರ್‌ನ ಎರಡು ಎಳೆಯ ಶುದ್ಧ ತಾಮ್ರ. 5 ಮೀಟರ್ ಎಳೆದರೆ ಹೋಗಿ-ಬರೋದಕ್ಕೆ 0.12 ಓಮ್ ಆಗುತ್ತೆ, ಪರವಾಗಿಲ್ಲ. ತಾಮ್ರ ಬಳಿದ ಅಲ್ಯೂಮಿನಿಯಂ ವೈರ್ ಆದರೆ ದಪ್ಪ ಒಂದು ಅಂತಸ್ತು ಜಾಸ್ತಿ ಬೇಕು. ತುದಿಯನ್ನು ಚೆನ್ನಾಗಿ ಹೊಸೆದು ಹಾಕಿ. ಹೊರಗೆ ಉಳಿದ ಒಂದೇ ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ಶಾರ್ಟ್.

ಮಂದ್ರಷಡ್ಜ:
ತುಂಬಾ ಥ್ಯಾಂಕ್ಸ್ ಸರ್. ಹಳೇ ಜೋಡಿಯ ಹಿಂದೆ ಏನೂ ಬರೆದಿಲ್ಲ. ಎಷ್ಟು ಓಮ್ ಅಂತ ತಿಳಿಯೋದು ಹೇಗೆ?

ಓಮ್_ನಿಯಮ:
ಆಂಪ್‌ನಿಂದ ವೈರ್ ಬಿಚ್ಚಿ, ಮಲ್ಟಿಮೀಟರ್‌ನ್ನು 200 ಓಮ್‌ಗೆ ಇಟ್ಟು ಎರಡು ಟರ್ಮಿನಲ್ ಮುಟ್ಟಿಸಿ. ಮೀಟರ್ ತೋರಿಸೋದು ಡಿಸಿ ರೆಸಿಸ್ಟೆನ್ಸ್, ಇಂಪಿಡೆನ್ಸ್‌ಗಿಂತ ಕಡಿಮೆ ಇರುತ್ತೆ: 6ರ ಆಸುಪಾಸು ಬಂದರೆ 8 ಓಮ್ ಸ್ಪೀಕರ್, 3ರಿಂದ 3.5 ಬಂದರೆ 4 ಓಮ್. ಓದು ನಿಲ್ಲದೆ ಕುಣಿದರೆ ಅಥವಾ ಓಪನ್ ತೋರಿಸಿದರೆ ಸುರುಳಿ ಇಲ್ಲವೇ ಕ್ರಾಸ್‌ಓವರ್ (ಸದ್ದನ್ನು ವೂಫರ್, ಟ್ವೀಟರ್‌ಗೆ ಹಂಚುವ ಸರ್ಕ್ಯೂಟ್) ಬೆಸುಗೆ ಹೋಗಿದೆ.

ಆಮೇಲೆ 1.5 ವೋಲ್ಟ್ ಸೆಲ್‌ನ್ನು ಒಂದು ಕ್ಷಣ ಮುಟ್ಟಿಸಿ, ಪ್ಲಸ್‌ಗೆ ಪ್ಲಸ್. ವೂಫರ್ ಕೋನ್ ಮುಂದೆ ಬರಬೇಕು. ಎರಡರಲ್ಲಿ ಒಂದು ಒಳಗೆ ಹೋದರೆ ಅದರ ವೈರ್ ಒಳಗಡೆ ಅದಲುಬದಲಾಗಿದೆ. ಹಾಗೇ ಹಾಕಿದರೆ ಬಾಸ್ ಕರಗಿ, ದನಿ ನಡುವೆ ನಿಲ್ಲಲ್ಲ.

ಕೋನ್ ಸುತ್ತಲಿನ ಅಂಚನ್ನೂ ಬೆರಳಲ್ಲಿ ಮೆಲ್ಲಗೆ ಒತ್ತಿ. ರಬ್ಬರ್ ಆದರೆ ಚಿಂತೆಯಿಲ್ಲ. ಫೋಮ್ ಆಗಿದ್ದರೆ ಕರಾವಳಿಯ ತೇವಕ್ಕೆ ಪುಡಿಯಾಗಿರುತ್ತೆ, ಬೆರಳಿಗೆ ಅಂಟುತ್ತೆ. ಅಂಥದ್ದನ್ನ ಹೊಸ ಅಂಚು ಅಂಟಿಸುವ ತನಕ ಆಂಪ್‌ಗೆ ಹಾಕಬೇಡಿ. ಕೋನ್ ಓರೆಯಾಗಿ ಸುರುಳಿ ಮ್ಯಾಗ್ನೆಟ್‌ಗೆ ಉಜ್ಜಿ ಕೆಡುತ್ತೆ.