‘ಪುನರ್ವಸತಿ’ ಬದಲು ಯಾವ ಪದ? ಸ್ಟ್ರೋಕ್ ಅಧ್ಯಯನದ ಒಪ್ಪಿಗೆ ಪತ್ರಕ್ಕೆ, ತುರ್ತು

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಸ್ಟ್ರೋಕ್ ಆದವರ ಕೈಗೆ ಕೊಡುವ ತರಬೇತಿಯ ಬಗ್ಗೆ ಒಂದು ಅಧ್ಯಯನ ಶುರುವಾಗಲಿದೆ. ಅದರ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ರಿಹ್ಯಾಬಿಲಿಟೇಶನ್‌ಗೆ ಸರ್ಕಾರಿ ಕಾಗದಗಳಲ್ಲಿ ‘ಪುನರ್ವಸತಿ’ ಅಂತ ಇರುತ್ತದೆ. ಆದರೆ ಓದುವವರಲ್ಲಿ ಬಾಗಲಕೋಟೆ ಕಡೆಯವರೇ ಜಾಸ್ತಿ. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟವರಿಗೆ ಆ ಪದ ಕೇಳಿದರೆ ಊರು ಬಿಟ್ಟದ್ದೇ ನೆನಪಾಗುತ್ತದೆ. ಇಲ್ಲಿ ಯಾರನ್ನೂ ಎಲ್ಲಿಗೂ ಕಳಿಸುವುದಿಲ್ಲ. ಕೋಣೆಯ ಬೋರ್ಡಿಗೂ ಇದೇ ಪದ ಬೇಕು. ದಯವಿಟ್ಟು ಬೇಗ ತಿಳಿಸಿ.

ಉತ್ತರ 1:
‘ಪುನಶ್ಚೇತನ’. ಇದರಲ್ಲಿ ಚರ್ಚೆಗೆ ಏನಿದೆ? ಮೊದಲು ‘ಸ್ಟ್ರೋಕ್’ ತೆಗೆಯಿರಿ. ‘ಪಾರ್ಶ್ವವಾಯು’ ಇದೆಯಲ್ಲ. ಪಾರ್ಶ್ವ ಅಂದರೆ ಮೈಯ ಒಂದು ಪಕ್ಕ, ವಾಯು ಅಂದರೆ ವಾತ. ವಾತ ಕೆಟ್ಟರೆ ಒಂದು ಪಕ್ಕ ಬೀಳುತ್ತದೆ ಎಂಬ ಆಯುರ್ವೇದದ ತಿಳಿವಳಿಕೆ ಪದದೊಳಗೇ ಇದೆ. ಜನ ಹೇಳುವ ‘ಲಕ್ವ’ ಅರಬ್ಬಿಯದು. ಯುನಾನಿ ವೈದ್ಯದಲ್ಲಿ ಅದು ಮುಖ ಸೊಟ್ಟಗಾಗುವುದಕ್ಕೆ ಇರುವ ಹೆಸರು. ಕೈಕಾಲಿಗೆ ಹಚ್ಚುವುದು ತಪ್ಪು.

ಉತ್ತರ 2:
ಪುನಶ್ಚೇತನ ಬೇಡ. ಅದನ್ನು ಕೆರೆಗೆ, ಕಾರ್ಖಾನೆಗೆ, ಮೇಷ್ಟ್ರುಗಳ ಶಿಬಿರಕ್ಕೆ ಆಗಲೇ ಕೊಟ್ಟಾಗಿದೆ. ‘ಮರುಚೇತನ’ ಅಂದರೆ ಕನ್ನಡಕ್ಕೆ ಸಂಸ್ಕೃತ ಅಂಟಿಸಿದ ಅರಿಸಮಾಸ. ನಮ್ಮದೇ ‘ಪಳಗು’ ಇದೆ. ಪಳಗಿದ ಕೈ ಅನ್ನುವುದಿಲ್ಲವೇ? ‘ಮರುಪಳಗಿಕೆ’ ಅಂತ ಬರೆಯಿರಿ. ಮುಗಿಯಿತು.

ಉತ್ತರ 3:
ಮುಗಿಯಲಿಲ್ಲ ಸರ್. ನಾನು ಫಿಸಿಯೋಥೆರಪಿ ಮಾಡುವವಳು. ಪಳಗಿಸುವುದು ಆನೆಯನ್ನು. ಕೈ ಸ್ವಾಧೀನ ತಪ್ಪಿ ಕೂತಿರುವವರ ಮುಂದೆ ಆ ಪದ ಆಡಲು ನನಗೆ ಬಾಯಿ ಬರುವುದಿಲ್ಲ.

ಪದ ಕಟ್ಟುವ ಮೊದಲು ಅಲ್ಲಿ ಏನು ನಡೆಯುತ್ತದೆ ಅಂತ ನೋಡಬೇಕಲ್ವಾ? ಮಿದುಳಿಗೆ ಪೆಟ್ಟಾದ ಹೊಸತರಲ್ಲಿ ಕೈ ಏಳುವುದಿಲ್ಲ. ಎತ್ತಲು ಹೋಗಿ ಹೋಗಿ ಸೋತವರು ಎಲ್ಲ ಕೆಲಸವನ್ನೂ ಇನ್ನೊಂದು ಕೈಗೆ ಬಿಡುತ್ತಾರೆ. ಆಮೇಲೆ ಸ್ವಲ್ಪ ಶಕ್ತಿ ಬಂದರೂ ಆ ಕೈಯನ್ನು ಬಳಸುವುದೇ ಇಲ್ಲ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟೌಬ್ ಇದನ್ನು ಮೊದಲು ಮಂಗಗಳಲ್ಲಿ ಕಂಡರು. ಅದರಿಂದಲೇ ಒಂದು ಚಿಕಿತ್ಸೆ ಹುಟ್ಟಿತು: ಸರಿಯಿರುವ ಕೈಗೆ ಗವಸು ಹಾಕಿ, ಸೋತ ಕೈಯಿಂದಲೇ ಕೆಲಸ ಮಾಡಿಸುವುದು. 2006ರಲ್ಲಿ ಪ್ರಕಟವಾದ ಅಮೆರಿಕದ ಎಕ್ಸೈಟ್ ಅಧ್ಯಯನದಲ್ಲಿ 222 ಜನರಿದ್ದರು. ಎರಡು ವಾರ, ಎಚ್ಚರವಿರುವ ಹೊತ್ತಿನ ಶೇ 90ರಷ್ಟು ಕಾಲ ಗವಸು ಹಾಕಿರಬೇಕು. ಮಾಮೂಲಿ ಆರೈಕೆಯವರಿಗಿಂತ ಇವರ ಕೈ ಹೆಚ್ಚು ಸುಧಾರಿಸಿತು. ಆದರೆ ಮಣಿಕಟ್ಟು, ಬೆರಳು ಒಂಚೂರಾದರೂ ಆಡುತ್ತಿದ್ದವರನ್ನು ಮಾತ್ರ ಸೇರಿಸಿಕೊಂಡಿದ್ದರು.

ಇನ್ನೊಂದು ನಮ್ಮ ದೇಶದ್ದೇ. 2017ರಲ್ಲಿ ಪ್ರಕಟವಾದ ಅಟೆಂಡ್ ಅಧ್ಯಯನ. 14 ಆಸ್ಪತ್ರೆ, 1250 ರೋಗಿಗಳು. ಒಂದು ಗುಂಪಿನಲ್ಲಿ ಮನೆಯವರಿಗೆ ಕಲಿಸಿಕೊಟ್ಟು, ತರಬೇತಿಯನ್ನು ಮನೆಯಲ್ಲೇ ಮಾಡಿಸಿದರು. ಇನ್ನೊಂದು ಗುಂಪಿಗೆ ಮಾಮೂಲಿ ಆರೈಕೆ. ಆರು ತಿಂಗಳ ಹೊತ್ತಿಗೆ ತೀರಿಕೊಂಡವರು, ಪರರ ಆಸರೆಯಲ್ಲೇ ಉಳಿದವರು ಸೇರಿ ಎರಡೂ ಗುಂಪಿನಲ್ಲಿ ಶೇ 47. ವ್ಯತ್ಯಾಸವೇ ಇರಲಿಲ್ಲ.

ಅದಕ್ಕೇ ನಾನು ಹಟ ಹಿಡಿಯುತ್ತಿರುವುದು. ಪುನಶ್ಚೇತನ, ಚೇತರಿಕೆ ಇವೆಲ್ಲ ಫಲದ ಹೆಸರುಗಳು. ಫಲ ಸಿಗುತ್ತದೋ ಇಲ್ಲವೋ ಅಂತ ನೋಡಲೇ ಅಧ್ಯಯನ ಮಾಡುತ್ತಿರುವುದು. ರುಜು ಹಾಕುವ ಮುಂಚೆಯೇ ಕೈ ಬಂದೇಬಿಡುತ್ತದೆ ಅಂತ ಆಸೆ ಹುಟ್ಟಿಸಬಾರದು. ಮಾಡುವ ಕೆಲಸವನ್ನೇ ಹೇಳಿ: ‘ಕೈ ಬಳಕೆಯ ತರಬೇತಿ’. ‘ಲಕ್ವ’ ಇರಲಿ. ಆ ಕಡೆ ಎಲ್ಲರ ಬಾಯಲ್ಲೂ ಅದೇ ಇದೆ.

ಉತ್ತರ 1:
‘ತರಬೇತಿ’ಯೂ ಅರಬ್ಬಿಯಿಂದ ಬಂದದ್ದು. ಲಕ್ವ, ತರಬೇತಿ, ಸ್ಟ್ರೋಕ್. ಒಂದು ಪುಟದಲ್ಲಿ ಕನ್ನಡ ಎಲ್ಲಿ ಉಳಿಯಿತು?

ಉತ್ತರ 3:
ಕಾಗದ, ರುಜು, ದವಾಖಾನೆ ಎಲ್ಲವೂ ಹೊರಗಿನಿಂದ ಬಂದವೇ ಸರ್. ಪುನಶ್ಚೇತನವೂ ಸಂಸ್ಕೃತದಿಂದ ಬಂದದ್ದೇ. ಕಾಯಿಲೆಯವರಿಗೆ ಅರ್ಥವಾದರೆ ಅದು ಕನ್ನಡ.

ಉತ್ತರ 2:
ಅರ್ಥವಾಗುವುದೊಂದೇ ಅಳತೆ ಆದರೆ ಹೊಸ ಪದ ಕಟ್ಟುವ ಕೆಲಸವನ್ನೇ ನಿಲ್ಲಿಸಬೇಕಾಗುತ್ತದೆ. ಇದನ್ನು ಬೇರೆಯಾಗಿ ಚರ್ಚಿಸೋಣ. ಮರುಪಳಗಿಕೆಯನ್ನು ನಾನು ಬಿಡುವುದಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಪತ್ರದಲ್ಲಿ ‘ಕೈ ಬಳಕೆಯ ತರಬೇತಿ’ ಅಂತ ಹಾಕಿದ್ದೇನೆ. ಕಾಯಿಲೆಯ ಹೆಸರು ಬರುವ ಮೊದಲ ಕಡೆ ‘ಲಕ್ವ, ಅಂದರೆ ಪಾರ್ಶ್ವವಾಯು’ ಅಂತ ಎರಡನ್ನೂ ಬರೆದಿದ್ದೇನೆ. ಬೋರ್ಡಿಗೆ ‘ಲಕ್ವ ಆದವರ ತರಬೇತಿ ಕೋಣೆ’. ಮೇಡಂ, ಗವಸಿನ ಬಗ್ಗೆ ನೀವು ಬರೆದದ್ದನ್ನು ಪತ್ರದ ಎರಡನೇ ಪುಟದಲ್ಲಿ ಹಾಗೇ ಬಳಸಿಕೊಳ್ಳಬಹುದೇ? ಇವತ್ತು ರಾತ್ರಿಯೊಳಗೆ ತಿಳಿಸಿ.